ಕೊನೆಗೆ ಓದುವ ಮೊದಲನೆಯ ಕಲಮು

ಈ ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಊರಿನ ಮುಖಂಡರಾದ ಹಿರಿಯ ಚಿವೊಂದೆಯವರೇ, ರಾಜಧಾನಿಯಿಂದ ಅಷ್ಟು ದೂರ, ಅಂಥ ರಸ್ತೆಯಲ್ಲಿ ಬಂದಿರುವ ಮೀನುಗಾರಿಕೆಯ ಉಪಮಂತ್ರಿಗಳಾದ ಮಾನ್ಯ ಮ್ಫಾಂದೆಯವರೇ, ಇಂದಿನ ಊಟಕ್ಕೆ ಆಡುಗಳನ್ನು ಕೊಡಿಸಿರುವ ದೊಡ್ಡ ದೋಣಿಗಳ ಒಡೆಯರಾದ ಶ್ರೀಮಾನ್ ಮ್ಸಿಸ್ಕಾ ಅವರೇ, ದಡದ ಸಮಿತಿಯ ಅಣ್ಣತಮ್ಮಂದಿರೇ, ಮೀನು ಒಣಗಿಸುವ ನನ್ನ ಅಕ್ಕತಂಗಿಯರೇ, ಒಳಗೆ ಜಾಗ ಸಿಗದೆ ಕಿಟಕಿಯಲ್ಲಿ ತಲೆ ಹಾಕಿರುವವರೇ, ಸಭಿಕರೇ,

ಸನ್ಮಾನ ಮಾಡಿಸಿಕೊಂಡವರು ಮೊದಲು ಸಂತೋಷದ ಮಾತನ್ನು ಆಡಬೇಕು. ಅದು ನನಗೂ ಗೊತ್ತು. ಆದರೆ ನಿನ್ನೆ ಬಿದ್ದ ಒಂದು ಕೆಟ್ಟ ಕನಸು ಗಂಟಲಲ್ಲಿ ಮುಳ್ಳಿನ ಹಾಗೆ ನಿಂತಿದೆ. ಅದನ್ನು ತೆಗೆಯದೆ ಬೇರೆ ಮಾತು ಹೊರಡುತ್ತಿಲ್ಲ. ಕ್ಷಮಿಸಬೇಕು.

ಕನಸಿನಲ್ಲಿ ನಾನು ಸಂಸತ್ತಿನಲ್ಲಿದ್ದೆ. ಸಂಸತ್ತು ಒಂದು ದೊಡ್ಡ ದೋಣಿಯಾಗಿತ್ತು. ಆ ಕಡೆ ಆಳುವ ಪಕ್ಷದವರು, ಈ ಕಡೆ ವಿರೋಧ ಪಕ್ಷದವರು, ಎಲ್ಲರೂ ಕೋಟು ಹಾಕಿಕೊಂಡೇ ಹುಟ್ಟು ಹಾಕುತ್ತಿದ್ದರು. ಸಭಾಧ್ಯಕ್ಷರು ಕರಿಯ ನಿಲುವಂಗಿಯಲ್ಲಿ ಚುಕ್ಕಾಣಿ ಹಿಡಿದು, "ಹೌದು ಎನ್ನುವವರು ಹೌದು ಎನ್ನಿ" ಎಂದು ಕೂಗುತ್ತಿದ್ದರು. ನಾವೆಲ್ಲ "ಹೌದು, ಹೌದು" ಎನ್ನುತ್ತ ಬೆವರು ಸುರಿಸಿ ಎಳೆಯುತ್ತಿದ್ದೆವು. ನೀರು ನೊರೆಯೇಳುತ್ತಿತ್ತು. ಎಂಥ ವೇಗ, ಎಂಥ ಉತ್ಸಾಹ! ನಾನೊಬ್ಬಳು ಯಾಕೋ ದಡದ ಕಡೆ ತಿರುಗಿ ನೋಡಿದೆ. ನಮ್ಮ ಕಚೆರೆ ಮರ ಇದ್ದಲ್ಲೇ ಇದೆ. ಮೀನು ಒಣಗಿಸುವ ಅಟ್ಟಣೆಗಳೂ ಇದ್ದಲ್ಲೇ ಇವೆ. ದೋಣಿಯ ಹಗ್ಗ ಗೂಟಕ್ಕೆ ಕಟ್ಟಿದ್ದು ಕಟ್ಟಿದ ಹಾಗೆಯೇ ಇದೆ! ಯಾರೂ ಬಿಚ್ಚಿಯೇ ಇಲ್ಲ. "ಹಗ್ಗ, ಹಗ್ಗ" ಎಂದು ಕೂಗಲು ಬಾಯಿ ತೆರೆದರೆ ಬಾಯಿ ತುಂಬ ಒಣಗಿದ ಉಸಿಪಾ ಮೀನು. ಮಾತು ಹೊರಡಲಿಲ್ಲ. ಎಚ್ಚರವಾಯಿತು.

ನಗುತ್ತಿದ್ದೀರಿ. ನಗಿ. ಎನೆಲೆಸಿ ಲೊಂಗ್ವೆಗೆ ಚಿಂತೆ ಮಾಡುವುದು ಉಸಿರಾಡಿದಷ್ಟೇ ಸುಲಭ ಎಂದು ಈ ದಡದಲ್ಲಿ ಯಾರಿಗೆ ಗೊತ್ತಿಲ್ಲ? ನಮ್ಮಮ್ಮ ಹೇಳುತ್ತಿದ್ದರು: "ಇವಳು ನ್ಸಿಮಾ ಮುದ್ದೆಗೆ ನೀರಿಟ್ರೆ, ಇವತ್ತು ನೀರು ಕುದಿಯೋದು ಮರೆತುಬಿಟ್ರೆ ಅಂತ ಒಲೆ ಮುಂದೇನೇ ಕೂತಿರ್ತಾಳೆ." ಮದುವೆಯ ದಿನವೂ ನಾನು ಪಾದ್ರಿಗಳನ್ನು ಎರಡು ಸಲ ಕೇಳಿದೆನಂತೆ, "ಆಯ್ತಾ? ನಿಜವಾಗ್ಲೂ ಆಯ್ತಾ?" ಎಂದು. ಆದದ್ದು ನಿಜ. ನನ್ನ ಯಜಮಾನರು ಅಲ್ಲಿ ಮೂರನೆಯ ಸಾಲಿನಲ್ಲಿ ಕೂತು ತೂಕಡಿಸುತ್ತಿದ್ದಾರೆ, ನೋಡಿ.

ಹೆಗಲ ಮೇಲೆ ಹೊದಿಸಿದ ಈ ಚಿತೆಂಜೆ ಬಟ್ಟೆಗೆ ನಾನು ಋಣಿ. ಬಹಳ ಚೆನ್ನಾಗಿದೆ. ಮೀನಿನ ಚಿತ್ರವಿದೆ. ಊರಿನವರೇ, ಇದನ್ನು ಯಾಕೆ ಹೊದಿಸಿದಿರಿ? ನಾನು ಸರೋವರದ ಕಾನೂನು ತಂದೆ ಎಂದು. ಆ ಕಾನೂನಿನಲ್ಲಿ ಏನಿದೆ? ನಿಮಗೆಲ್ಲ ಬಾಯಿಪಾಠವಾಗಿದೆ. ಕಪ್ಪು ಬಂಡೆಯಿಂದ ನದಿ ಸೇರುವ ಜಾಗದವರೆಗೆ ನೀರಿನ ಮೇಲೆ ಒಂದು ಗೆರೆ. ಗೆರೆಯ ಈಚೆಗೆ ನಮ್ಮ ಮರದ ದೋಣಿ, ನಮ್ಮ ದೀಪ, ನಮ್ಮ ಕೈಬಲೆ. ದೊಡ್ಡ ಎಂಜಿನ್ ದೋಣಿಗಳು ಗೆರೆ ದಾಟಿ ಬಂದು ತಳ ಗೋರಿದರೆ ಅವುಗಳ ಬಲೆಯನ್ನು ಹಿಡಿದು ದಡಕ್ಕೆ ತರುವ ಅಧಿಕಾರ ದಡದ ಸಮಿತಿಗೆ. ಇಷ್ಟೇ. ಇಷ್ಟಕ್ಕಾಗಿ ಎಷ್ಟು ಓಡಾಡಿದೆವು! ಚಾಂಬೊ ಮೀನು ಮೊಟ್ಟೆಯಿಡುವ ಜಾಗವನ್ನೇ ಗೋರಿ ಒಯ್ದರೆ ನಾಳೆ ನಮ್ಮ ತಟ್ಟೆಗೆ ಏನು ಬೀಳಬೇಕು, ನೀವೇ ಹೇಳಿ?

ಈಗ ನನ್ನ ಮೊದಲನೆಯ ಅನುಮಾನ. ಇದನ್ನು ಶ್ರೀಮಾನ್ ಮ್ಸಿಸ್ಕಾ ಅವರು ತಪ್ಪು ತಿಳಿಯಬಾರದು. ಈ ಸರೋವರದಲ್ಲಿ ಗೆರೆ ದಾಟುವಂಥ ದೊಡ್ಡ ದೋಣಿಗಳು ಯಾರವು? ತಮ್ಮವು. ಈ ಕಾನೂನು ಬೇಡ ಎಂದು ರಾಜಧಾನಿಯ ಹೋಟೆಲಿನಲ್ಲಿ ಸದಸ್ಯರನ್ನು ಕೂರಿಸಿಕೊಂಡು ವಾದಿಸಿದವರು ಯಾರು? ತಾವು. ಹಾಗಾದರೆ ಸೋತವರು ತಾವು. ಅಲ್ಲವೇ? ಸೋತವರು ಗೆದ್ದವರಿಗಾಗಿ ಆಡು ಕಡಿಸುತ್ತಾರೆಯೇ? ನಾನು ಬದುಕಿನಲ್ಲಿ ಎಷ್ಟೋ ಸೋತವರನ್ನು ನೋಡಿದ್ದೇನೆ. ಕೆಲವರು ಅಳುತ್ತಾರೆ, ಕೆಲವರು ಬಯ್ಯುತ್ತಾರೆ, ಕೆಲವರು ದೇವರ ಮೇಲೆ ಹಾಕುತ್ತಾರೆ. ಆಡು ಕೊಟ್ಟವರನ್ನು ಇವತ್ತೇ ನೋಡಿದ್ದು. ಎರೆಹುಳವನ್ನು ಕಂಡ ಮೀನು, "ಎಂಥ ದಾನಿ ಇವನು" ಎಂದು ಗಾಳ ಹಿಡಿದವನನ್ನು ಹೊಗಳಿತಂತೆ. ಇದು ತಮಾಷೆಗೆ ಹೇಳಿದ್ದು. ತಾವು ನಕ್ಕಿರಿ, ಸಂತೋಷ.

ಅವರು ದೊಡ್ಡ ಮನಸ್ಸಿನವರು ಎಂಬುದಕ್ಕೆ ನಾನೇ ಸಾಕ್ಷಿ. ಚುನಾವಣೆಯ ದಿನ ಮ್ವೆರಾ ಗಾಳಿ ಎದ್ದು ಆಚೆ ದಡದ ಹೆಂಗಸರು ದೋಣಿಯಲ್ಲಿ ಬರಲಾಗದೆ ಕೂತಿದ್ದರು. ಅವರ ಮತ ಬರದಿದ್ದರೆ ನಾನು ಗೆಲ್ಲುತ್ತಿರಲಿಲ್ಲ. ಆಗ ರಸ್ತೆಯಲ್ಲಿ ಸುತ್ತು ಹಾಕಿ ಅವರನ್ನು ತುಂಬಿಕೊಂಡು ಬಂದ ಲಾರಿ ಯಾರದು? ಮ್ಸಿಸ್ಕಾ ಅವರದೇ. ಇದನ್ನು ಇಷ್ಟು ಜನರ ಮುಂದೆ ಹೇಳಬೇಕಿತ್ತೋ ಇಲ್ಲವೋ, ಬಾಯಿಗೆ ಬಂತು, ಹೇಳಿದೆ. ಆಗ ನಾನು ಕೇಳಲಿಲ್ಲ, "ಯಾಕಣ್ಣಾ, ನನಗೇ ಯಾಕೆ?" ಎಂದು. ಎದುರಿಗೆ ನಿಂತವನು ವಕೀಲ. ಓದಿದವನು, ಕಾನೂನು ಅರೆದು ಕುಡಿದವನು. ನಾನು ಎಂಟನೆಯ ಇಯತ್ತೆಯ ಮಧ್ಯದಲ್ಲಿ ಅಮ್ಮನಿಗೆ ಕಾಯಿಲೆಯಾಗಿ ಮೀನಿನ ಹೊಗೆಗೂಡಿಗೆ ಬಂದವಳು. ಚಿಕ್ಕ ಇಯತ್ತೆಗಳಲ್ಲೂ ಹೀಗೇ ಬಿಟ್ಟೆ, ಮತ್ತೆ ಹೋದೆ. ಭಾಗಾಕಾರ ಶುರುವಾದಾಗ ಬಿಟ್ಟವಳು ವಾಪಸ್ಸು ಹೋದಾಗ ಭಾಗಾಕಾರ ಮುಗಿದಿತ್ತು. ಇವತ್ತಿಗೂ ಏನನ್ನಾದರೂ ಭಾಗ ಮಾಡಬೇಕಾದರೆ ನನಗೆ ಎದೆ ಬಡಿದುಕೊಳ್ಳುತ್ತದೆ.

ವಕೀಲನನ್ನು ಬಿಟ್ಟು ಹೊಗೆಗೂಡಿನ ಹೆಂಗಸನ್ನು ಸಂಸತ್ತಿಗೆ ಕಳಿಸಲು ಯಾರಿಗಾದರೂ ಲಾರಿ ಕೊಡುವ ಮನಸ್ಸು ಯಾಕೆ ಬರುತ್ತದೆ? ಪ್ರೀತಿಯಿಂದ ಇರಬಹುದು. ಇರಬಹುದು. ಬೇರೆಯೂ ಇರಬಹುದು. ನಾನು ಮೂರು ವರ್ಷದಿಂದ ಯೋಚಿಸುತ್ತಿದ್ದೇನೆ.

ಸಭಿಕರೇ, ಸಂಸತ್ತಿನಲ್ಲಿ ಎಲ್ಲ ಇಂಗ್ಲಿಷಿನಲ್ಲಿ ನಡೆಯುತ್ತದೆ. ನಾನು ರಾಜಧಾನಿಯ ಬಾಡಿಗೆ ಕೋಣೆಯಲ್ಲಿ ಅನ್ನದ ಪಾತ್ರೆಯ ಮುಂದೆ ನಿಂತು, "ಹೌದು" ಎನ್ನುವ ಅವರ ಆ ಒಂದು ಮಾತನ್ನೇ ಅಭ್ಯಾಸ ಮಾಡಿದವಳು. ಮೊದಲ ದಿನ ಬಂಗಾರದ ದಂಡವನ್ನು ಹೆಗಲ ಮೇಲೆ ಹೊತ್ತು ಒಬ್ಬರು ಬಂದಾಗ ನಾನು ಅವರೇ ರಾಷ್ಟ್ರಾಧ್ಯಕ್ಷರು ಎಂದುಕೊಂಡು ಮೊಣಕಾಲೂರಿಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಮುದುಕರೊಬ್ಬರು ನನ್ನ ತೋಳು ಹಿಡಿದು ಎಬ್ಬಿಸಿದರು. ಅವರೇ ಅಜ್ಜ ಮ್ಕೊಚಿ. ಬೆಟ್ಟದ ಸೀಮೆಯ ಸದಸ್ಯರು, ಬಹಳ ಸಲ ಗೆದ್ದವರು, ಅಷ್ಟೇ ಸಲ ಸೋತವರು. "ಏಳಮ್ಮಾ, ಅದು ಕೋಲು. ಕೋಲಿಗೆಲ್ಲ ಅಡ್ಡ ಬಿದ್ರೆ ಇಲ್ಲಿ ಸೊಂಟ ಉಳಿಯಲ್ಲ" ಎಂದರು. ಅವತ್ತಿನಿಂದ ನಾನು ಅವರ ಪಕ್ಕವನ್ನು ಬಿಡಲಿಲ್ಲ.

ಅವರೇ ನನಗೆ ಮಸೂದೆಯ ದಾರಿ ತಿಳಿಸಿದವರು. ಮೊದಲನೆಯ ವಾಚನವೆಂದರೆ ಬರೀ ಹೆಸರು ಓದುವುದು. ಯಾರೂ ಮಾತಾಡುವ ಹಾಗಿಲ್ಲ. ಬಾಗಿಲ ಸಂದಿಯಿಂದ ಮದುವಣಗಿತ್ತಿಯನ್ನು ನೋಡಿದ ಹಾಗೆ. ಎರಡನೆಯ ವಾಚನದಲ್ಲಿ ಜಗಳ. ಬೇಕು ಎನ್ನುವವರು, ಬೇಡ ಎನ್ನುವವರು. ಆಮೇಲೆ ಇಡೀ ಸಭೆಯೇ ಸಮಿತಿಯಾಗಿ ಕೂತು ಕಲಮು ಕಲಮಾಗಿ ಬಿಡಿಸಿ ನೋಡುವುದು, ಮೀನು ಸೀಳಿ ಮುಳ್ಳು ನೋಡಿದ ಹಾಗೆ. ಆಮೇಲೆ ಮೂರನೆಯ ವಾಚನ, ಆಮೇಲೆ ರಾಷ್ಟ್ರಾಧ್ಯಕ್ಷರ ಅಂಕಿತ. "ಅಷ್ಟಾದ್ರೆ ಕಾನೂನಾಯ್ತಲ್ಲ ಅಜ್ಜಾ?" ಎಂದು ನಾನು ಕೇಳಿದೆ.

ಅವರು ನಶ್ಯ ಏರಿಸುತ್ತ ಏನು ಹೇಳಿದರು ಗೊತ್ತೇ? "ಮಗು ಹುಟ್ಟೋದು ಒಂದು, ಅಳೋದು ಇನ್ನೊಂದು. ಹೊಟ್ಟೆಯಿಂದ ಬಂದ ತಕ್ಷಣ ಡೋಲು ಬಡೀಬೇಡ. ಅತ್ತ ಮೇಲೆ ಬಡಿ. ಹುಟ್ಟಿ ಎಷ್ಟೋ ವರ್ಷ ಆದ್ರೂ ಅಳದೇ ಮಲಗಿರೋ ಕಾನೂನು ನಾನು ನೋಡಿದೀನಿ ತಾಯಿ."

ಮುದುಕರು, ಬೆಟ್ಟದವರು, ಒಗಟಿನಲ್ಲಿ ಮಾತಾಡುತ್ತಾರೆ ಎಂದುಕೊಂಡೆ. ನಾನೇ ಚಿಂತೆಯ ಹೆಂಗಸು, ನನಗೂ ಆ ಮಾತು ಚಿಂತೆ ಹತ್ತಿಸಲಿಲ್ಲ, ನೋಡಿ. ಹತ್ತಬೇಕಾದ ಕಡೆ ಹತ್ತುವುದಿಲ್ಲ, ನೀರು ಕುದಿಯುತ್ತದೋ ಇಲ್ಲವೋ ಎಂಬಲ್ಲಿ ಹತ್ತುತ್ತದೆ.

ಈಗ ನಮ್ಮ ಮಸೂದೆಯನ್ನು ಕಲಮು ಕಲಮಾಗಿ ನೋಡಿದ ದಿನದ ಮಾತು. ಸಂಸತ್ತಿನಲ್ಲಿ ಒಂದು ಪದ್ಧತಿಯಿದೆ. ನೀವು ನಂಬುವುದಿಲ್ಲ. ಮೊದಲನೆಯ ಕಲಮನ್ನು ಮೊದಲು ನೋಡುವುದಿಲ್ಲ, ಕೊನೆಗೆ ನೋಡುತ್ತಾರೆ. ಎರಡರಿಂದ ಶುರು ಮಾಡಿ, ಎಲ್ಲ ಮುಗಿಸಿ, ತಿರುಗಿ ಬಂದು ಒಂದನೆಯದು. ಯಾಕೆ? ಮೊದಲನೆಯ ಕಲಮಿನಲ್ಲಿ ಕಾನೂನಿನ ಹೆಸರಿರುತ್ತದೆ. ಮಗು ಹೇಗಿದೆ ಎಂದು ನೋಡದೆ ಹೆಸರಿಡುವುದು ಹೇಗೆ, ಅದಕ್ಕೆ. ಸರಿಯಾದ ಪದ್ಧತಿಯೇ. ನಾನು ಬೇಡ ಎನ್ನುವುದಿಲ್ಲ.

ಅವತ್ತು ಗೆರೆಯ ಕಲಮಿಗೆ ಎಂಥ ಜಗಳ! ಬಲೆ ಹಿಡಿಯುವ ಅಧಿಕಾರದ ಕಲಮಿಗೆ ಅದಕ್ಕಿಂತ ದೊಡ್ಡ ಜಗಳ. ನಾನು ಎದ್ದು ನಿಂತು, ನನ್ನ ಮುರುಕು ಇಂಗ್ಲಿಷಿನಲ್ಲಿ, "ಮೀನಿಗೆ ಓಟಿಲ್ಲ, ಅದಕ್ಕೆ ನಾನು ಬಂದಿದ್ದೇನೆ" ಎಂದೆ. ಎರಡೂ ಕಡೆಯವರು ಮೇಜು ಬಡಿದರು. ಧ್ವನಿಮತ ಕೇಳಿದರು, ಗೆದ್ದೆವು. ಕೊನೆಯ ಕಲಮೂ ಗೆದ್ದೆವು. ಸದಸ್ಯರೆಲ್ಲ ಎದ್ದು ಬಂದು ನನ್ನನ್ನು ಅಪ್ಪಿಕೊಂಡರು. ಹೊರಗೆ ಬಸ್ಸು ನಿಂತಿತ್ತು, ಊಟ ಕಾಯುತ್ತಿತ್ತು. ಹೊಟ್ಟೆ ಯಾವ ಪಕ್ಷದ್ದಾದರೂ ಹೊಟ್ಟೆಯೇ. ಅರ್ಧ ಸಭೆ ಬಾಗಿಲಲ್ಲಿ, ಇನ್ನರ್ಧ ನನ್ನ ಕುತ್ತಿಗೆಯಲ್ಲಿ.

ಆಗ ಮೇಲಿನ ಪೀಠದಿಂದ ದನಿ ಬಂತು, "ಇನ್ನು ಕಲಮು ಒಂದು." ಅಜ್ಜ ಮ್ಕೊಚಿ ಒಬ್ಬರೇ ಕೂತಿದ್ದರು. ನನ್ನ ಸೆರಗು ಹಿಡಿದು ಎಳೆದರು. "ಕೂತ್ಕೋ ಅಮ್ಮಾ. ಹಗ್ಗದ ಮಾತು ಈಗ ಬರೋದು."

ನಾನು ಏನೆಂದೆ? "ಅಜ್ಜಾ, ಅದು ಬರೀ ಹೆಸರು. ಬನ್ನಿ, ಕೋಳಿ ಆರಿಹೋಗುತ್ತೆ."

"ಹೌದು ಎನ್ನುವವರು?" ಎಂದರು. ಎಲ್ಲರೂ "ಹೌದು" ಎಂದೆವು. ಬಾಗಿಲಿನಿಂದ ಕೆಲವರು, ಬಸ್ಸಿನ ಮೆಟ್ಟಿಲಿನಿಂದ ಕೆಲವರು. ಎಲ್ಲರಿಗಿಂತ ಜೋರಾಗಿ ಕೇಳಿದ್ದು ಯಾರ ದನಿ ಎಂದು ಈಗ ಯಾಕೆ?

ಇಷ್ಟು ಹೊತ್ತು ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಎಂದು ಮುಖಂಡರು ಕೆಮ್ಮುತ್ತಿದ್ದಾರೆ. ಹೇಳುತ್ತೇನೆ, ಸ್ವಲ್ಪ ತಡೆಯಿರಿ. ಊಟ ಆರುವುದಿಲ್ಲ, ಒಲೆಯ ಮೇಲೆಯೇ ಇದೆ. ನಾನು ಬರುವಾಗ ನೋಡಿ ಬಂದೆ.

ನನಗಿಂತ ಮೊದಲು ಮಾನ್ಯ ಉಪಮಂತ್ರಿಗಳು ಬಹಳ ಸೊಗಸಾಗಿ ಮಾತಾಡಿದರು. ನಾನು ಒಂದು ಮಾತೂ ಬಿಡದೆ ಕೇಳಿಸಿಕೊಂಡೆ. "ಸಂಸತ್ತು ಒಪ್ಪಿದ ಕಾನೂನು" ಎಂದರು. "ರಾಷ್ಟ್ರಾಧ್ಯಕ್ಷರು ಅಂಕಿತ ಹಾಕಿದ ಕಾನೂನು" ಎಂದರು. "ನಮ್ಮ ಮೊಮ್ಮಕ್ಕಳು ಕೊಂಡಾಡುವ ಕಾನೂನು" ಎಂದರು. ಎಷ್ಟು ಚೆಂದ! ಆದರೆ, "ಈಗ ಜಾರಿಯಲ್ಲಿರುವ ಕಾನೂನು" ಎಂದು ಒಂದು ಸಲವಾದರೂ ಎಂದರೇ? ಯಾರಿಗಾದರೂ ಕೇಳಿಸಿತೇ? ನನಗೆ ಕೇಳಿಸಲಿಲ್ಲ. ಹಿಂದಿನ ಬೆಂಚಿನಿಂದ ಒಬ್ಬ ತಾಯಿ, "ಯಾವಾಗಿಂದ ಸ್ವಾಮೀ?" ಎಂದು ಕೇಳಿದಳು. ಉಪಮಂತ್ರಿಗಳೇ, ತಾವು ನಕ್ಕು, "ಬೇಗನೆ" ಎಂದಿರಿ. ಎಲ್ಲರೂ ಲುಲುಲು ಎಂದು ಹರ್ಷದಿಂದ ಕೂಗಿದರು. ಬೇಗನೆ ಎಂದರೆ ಏನು? ಮಳೆ ಬೇಗನೆ ಬರುತ್ತದೆ. ಸಾವೂ ಬೇಗನೆ ಬರುತ್ತದೆ. ಸಾಲ ತೆಗೆದುಕೊಂಡವನೂ ಬೇಗನೆ ಬರುತ್ತೇನೆ ಎನ್ನುತ್ತಾನೆ.

ಆ ಕ್ಷಣದಲ್ಲಿ ನನಗೆ ಅಜ್ಜನ ಮಾತು ನೆನಪಾಯಿತು. ಹಗ್ಗದ ಮಾತು. ಮೊದಲನೆಯ ಕಲಮಿನಲ್ಲಿ ಹೆಸರಿನ ಬೆನ್ನಿಗೆ ಇನ್ನೊಂದು ಸಾಲಿತ್ತು. ಓದಿದರು, ನನ್ನ ಕಿವಿಗೂ ಬಿತ್ತು, ಆದರೆ ಅಪ್ಪಿಕೊಂಡವರ ಹೆಗಲು ಕಿವಿಗೆ ಅಡ್ಡ ಇತ್ತು. "ಮಂತ್ರಿಗಳು ಪ್ರಕಟಣೆಯ ಮೂಲಕ ಗೊತ್ತುಮಾಡುವ ದಿನದಿಂದ ಈ ಕಾನೂನು ಜಾರಿಗೆ ಬರುತ್ತದೆ." ಇಷ್ಟೇ. ಮಂತ್ರಿಗಳು ದಿನ ಗೊತ್ತು ಮಾಡುವವರೆಗೆ ಗೆರೆಯಿಲ್ಲ. ಸಮಿತಿಗೆ ಬಲೆ ಹಿಡಿಯುವ ಅಧಿಕಾರವಿಲ್ಲ. ಮಗು ಹುಟ್ಟಿದೆ, ಅತ್ತಿಲ್ಲ. ಯಾವಾಗ ಅಳಬೇಕು ಎಂಬುದು ತಾಯಿಯ ಕೈಯಲ್ಲಿಲ್ಲ, ತಮ್ಮ ಇಲಾಖೆಯ ಕೈಯಲ್ಲಿದೆ.

ತಲೆ ಅಲ್ಲಾಡಿಸುತ್ತಿದ್ದೀರಿ, ಮಾನ್ಯ ಉಪಮಂತ್ರಿಗಳೇ. ಅದು ಹೌದು ಎಂದೋ, ಅಲ್ಲ ಎಂದೋ? ಸಂಸತ್ತಿನಲ್ಲಾದರೆ ಬಾಯಿ ಬಿಟ್ಟು ಹೇಳಬೇಕು. ದಿನ ಪ್ರಕಟವಾಗಿದ್ದರೆ ಈಗಲೇ ಎದ್ದು ಹೇಳಿ, ನಾನು ತಮ್ಮ ಕಾಲಿಗೆ ಬಿದ್ದು ಈ ಬಟ್ಟೆಯನ್ನು ತಮಗೇ ಹೊದಿಸುತ್ತೇನೆ. ... ಗಡಿಯಾರ ನೋಡುತ್ತಿದ್ದೀರಿ. ಹಾಗಾದರೆ ಪ್ರಕಟವಾಗಿಲ್ಲ. ಸಭಿಕರೇ, ಎಲ್ಲರೂ ನೋಡಿದಿರಲ್ಲ? ದಿನ ಕೇಳಿದರೆ ಗಡಿಯಾರ ನೋಡಿದರು.

ಈ ಮಾತು ಇಲ್ಲಿಗೇ ಮುಗಿದಿದ್ದರೆ ನಾನು ಮನೆಗೆ ಹೋಗಿ ಅಳುತ್ತಿದ್ದೆ, ಇಲ್ಲಿ ನಿಂತು ನಿಮ್ಮ ಊಟ ಕೆಡಿಸುತ್ತಿರಲಿಲ್ಲ. ಮುಗಿದಿಲ್ಲ.

ಮಧ್ಯಾಹ್ನ ತಲೆಗೆ ಬಟ್ಟೆ ಕಟ್ಟಿಸಿಕೊಳ್ಳುತ್ತಿದ್ದೆ. ಕಟ್ಟುತ್ತಿದ್ದವಳು ನನ್ನ ತಮ್ಮನ ಹೆಂಡತಿ ತಿವೊಂಗೆ. ಕಟ್ಟಿದ ಗಂಟನ್ನು ಮತ್ತೆ ಮತ್ತೆ ಬಿಚ್ಚುತ್ತಿದ್ದಳು. "ಏನೇ?" ಎಂದೆ. "ಅತ್ತಿಗೇ, ನಿಮ್ಮ ತಮ್ಮ ಮತ್ತೆ ಸಮಿತಿಯ ಹುಡುಗರೆಲ್ಲ ಇವತ್ತು ಊಟ ಆದ್ಮೇಲೆ ಹೋಗ್ತಾರಂತೆ. ಮ್ಸಿಸ್ಕಾ ದೋಣಿ ಗೆರೆ ದಾಟಿ ಬರುತ್ತಂತೆ. ಬಲೆ ಹಿಡಿದು ತರ್ತಾರಂತೆ."

ನಾನು ವಿತುಂಬಿಕೊನನ್ನು ಕರೆಸಿದೆ. ನಿಮಗೆಲ್ಲ ಗೊತ್ತು ನನ್ನ ತಮ್ಮ. ದಡದ ಸಮಿತಿಯ ಕಾರ್ಯದರ್ಶಿ, ಈಜಿನಲ್ಲಿ ಮೊಸಳೆಗೂ ಅವಮಾನ ಮಾಡಿದವನು. ಎರಡು ಡಬ್ಬ ಪೆಟ್ರೋಲು ಹಿಡಿದುಕೊಂಡೇ ಬಂದ.

"ಎಲ್ಲಿಂದ ಬಂತೋ ಇದು?"

"ಮ್ಸಿಸ್ಕಾ ಕೊಟ್ಟ ಕಣಕ್ಕಾ. ಊರಹಬ್ಬಕ್ಕೆ ನನ್ನ ಕಾಣಿಕೆ, ಹುಡುಗರು ಸರೋವರದಲ್ಲಿ ಒಂದು ಸುತ್ತು ಹಾಕ್ಲಿ ಅಂದ."

"ಅವನ ಬಲೆ ಹಿಡಿಯೋಕೆ ಅವನೇ ಪೆಟ್ರೋಲ್ ಕೊಡ್ತಾನೇನೋ?"

"ಪೆದ್ದ ಅವನು. ದುಡ್ಡಿದ್ದೋರಿಗೆ ಬುದ್ಧಿ ಇರ್ಬೇಕು ಅಂತ ಎಲ್ಲಿದೆ?"

"ಅವನು ಪೆದ್ದ ಅಲ್ಲ ಕಣೋ. ಪೆದ್ದನ ಹತ್ರ ಅಷ್ಟೊಂದು ದೋಣಿ ಇರಲ್ಲ."

"ಅಕ್ಕಾ, ನಿನ್ನ ಕಾನೂನೇ ಹೇಳುತ್ತಲ್ಲ, ಗೆರೆ ದಾಟಿದ ಬಲೆ ಹಿಡೀಬಹುದು ಅಂತ? ನೀನೇ ತಂದ ಕಾನೂನಿಗೆ ನೀನೇ ಹೆದರಿದ್ರೆ ಹೆಂಗೆ? ನಿನಗೆ ಬಲೆ ಹಿಡಿದ್ರೂ ಭಯ, ಬಿಟ್ರೂ ಭಯ."

ಎಂದು ನನ್ನ ಕೆನ್ನೆ ಗಿಲ್ಲಿ ಹೊರಟುಹೋದ. ಆಗ ನನಗಿನ್ನೂ ಮೊದಲನೆಯ ಕಲಮು ನೆನಪಾಗಿರಲಿಲ್ಲ. ಬಾಯಿ ತುಂಬ ಉಸಿಪಾ ಮೀನು ತುಂಬಿದ ಹಾಗಾಗಿತ್ತು.

ಈಗ ಸಭಿಕರೇ, ದಯವಿಟ್ಟು ನನ್ನ ಜೊತೆ ಸ್ವಲ್ಪ ಹೆದರಿ. ಒಬ್ಬಳೇ ಹೆದರಿ ನನಗೆ ಸಾಕಾಗಿದೆ. ಆ ಕಿಟಕಿಯಿಂದ ಹೊರಗೆ ನೋಡಿ. ಚರ್ಚಿನ ಹಿಂದೆ, ಬಾವೊಬಾಬ್ ಮರದ ನೆರಳಿನಲ್ಲಿ ಒಂದು ಪೊಲೀಸ್ ಗಾಡಿ ನಿಂತಿದೆ. ಕಬ್ಬಿಣದ ಜಾಲರಿಯದು. ಉಪಮಂತ್ರಿಗಳ ರಕ್ಷಣೆಗೆ ಎಂದು ಹೇಳಿದರು. ಇರಲಿ, ರಕ್ಷಣೆ ಬೇಕು. ಆದರೆ ಹಾಡು ಹೇಳುವ ಹೆಂಗಸರಿಂದ ರಕ್ಷಿಸಲು ಅಷ್ಟು ದೊಡ್ಡ ಗಾಡಿ ಬೇಕೇ? ಉಪಮಂತ್ರಿಗಳು ಬಂದ ಕಾರಿನ ಹತ್ತಿರ ಯಾಕೆ ನಿಂತಿಲ್ಲ? ಅದರ ಮುಖ ಯಾಕೆ ದಡದ ಕಡೆಗಿದೆ?

ಕಾನೂನು ಜಾರಿಯಾಗುವ ಮುಂಚೆ ಇನ್ನೊಬ್ಬರ ದೋಣಿ ಹತ್ತಿ ಬಲೆ ಎಳೆದು ತಂದರೆ ಅದಕ್ಕೆ ಏನೆನ್ನುತ್ತಾರೆ? ನಾನು ಎಂಟನೆಯ ಇಯತ್ತೆ. ನನಗೂ ಗೊತ್ತು. ದರೋಡೆ ಎನ್ನುತ್ತಾರೆ. ಹುಡುಗರು ಜೈಲಿಗೆ ಹೋಗುತ್ತಾರೆ. ದರೋಡೆಕೋರರ ಸಮಿತಿ ಎಂದು ದಡದ ಸಮಿತಿಯನ್ನು ಬರಖಾಸ್ತು ಮಾಡುತ್ತಾರೆ. ಆಮೇಲೆ ಒಂದು ಒಳ್ಳೆಯ ದಿನ ನೋಡಿ ಕಾನೂನನ್ನು ಜಾರಿ ಮಾಡುತ್ತಾರೆ. ಕಾನೂನು ಬರುತ್ತದೆ, ಗೆರೆ ಬರುತ್ತದೆ, ಬಲೆ ಹಿಡಿಯಲು ಕೈ ಮಾತ್ರ ಇರುವುದಿಲ್ಲ. ನನ್ನ ತಮ್ಮನ ಕೈ ಇರುವುದಿಲ್ಲ. ತಿವೊಂಗೆಯ ಹೊಟ್ಟೆ ಆರು ತಿಂಗಳು. ಅದನ್ನು ಇಲ್ಲಿ ಹೇಳಬಾರದಿತ್ತು, ಕ್ಷಮಿಸು ತಂಗೀ.

ಇದೆಲ್ಲ ನನ್ನ ಹುಚ್ಚು ಇರಬಹುದು. ಆಡು ಬರೀ ಆಡು ಇರಬಹುದು, ಪೆಟ್ರೋಲು ಬರೀ ಪೆಟ್ರೋಲು, ಗಾಡಿಗೆ ನೆರಳು ಬೇಕಾಗಿ ಅಲ್ಲಿ ನಿಂತಿರಬಹುದು. ಮ್ಸಿಸ್ಕಾ ಅವರೇ, ಹಾಗೇ ಆಗಿದ್ದರೆ ನನಗಿಂತ ಸಂತೋಷಪಡುವವರು ಇಲ್ಲ. ಒಂದು ಚಿಕ್ಕ ಕೆಲಸ ಮಾಡಿ. ಹುಡುಗರು ಸುತ್ತು ಹಾಕಲಿ ಎಂದು ತಾವು ಪ್ರೀತಿಯಿಂದ ಪೆಟ್ರೋಲು ಕೊಟ್ಟಿರಲ್ಲ, ಆ ದೋಣಿಯಲ್ಲಿ ತಾವೂ ಕೂತುಕೊಳ್ಳಿ. ಮುಂದಿನ ಹಲಗೆಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ. ಉಪಮಂತ್ರಿಗಳೂ ಜೊತೆಗೆ ಬರಲಿ. ಸರೋವರದ ಗಾಳಿ ಆರೋಗ್ಯಕ್ಕೆ ಒಳ್ಳೆಯದು. ... ತಾವು ಈಗ ನಗುತ್ತಿಲ್ಲ. ಆಗಿನಿಂದ ಎಲ್ಲ ಮಾತಿಗೂ ನಗುತ್ತಿದ್ದಿರಿ. ಇದು ಅಷ್ಟು ಕೆಟ್ಟ ತಮಾಷೆಯೇ?

ಲಾರಿ ಕೊಟ್ಟಿದ್ದು ಯಾಕೆ ಎಂದು ಮೂರು ವರ್ಷದಿಂದ ಯೋಚಿಸುತ್ತಿದ್ದೆ ಎಂದೆನಲ್ಲ, ಇನ್ನು ಯೋಚಿಸುವುದಿಲ್ಲ. ಮೊದಲನೆಯ ಕಲಮು ಬಂದಾಗ ಕೋಳಿಯ ಕಡೆ ಓಡುವವಳು ಬೇಕಾಗಿತ್ತು. ವಕೀಲನಾಗಿದ್ದರೆ ಕೂತಿರುತ್ತಿದ್ದ. ಇರಲಿ. ಆ ಲಾರಿಯಲ್ಲಿ ಬಂದ ತಾಯಂದಿರೇ, ನೀವು ತಪ್ಪು ಮಾಡಲಿಲ್ಲ. ದಯವಿಟ್ಟು ಹಾಗೆ ತಿಳಿಯಬೇಡಿ. ಓಡಿದವಳು ತಿರುಗಿ ಬಂದು ಕೂರಬಲ್ಲಳು. ಸೋಮವಾರ ನಾನು ರಾಜಧಾನಿಯಲ್ಲಿರುತ್ತೇನೆ. ಇಲಾಖೆಯ ಬಾಗಿಲಲ್ಲಿ ಚಾಪೆ ಹಾಸುತ್ತೇನೆ. ಸಭೆಯಲ್ಲಿ ಎದ್ದು, ಯಾವ ದಿನ, ಯಾವ ದಿನ, ಯಾವ ದಿನ ಎಂದು ಕೇಳುತ್ತೇನೆ. ಚಿಂತೆಯ ಹೆಂಗಸು ಒಂದು ವಿಷಯ ಹಿಡಿದರೆ ಏನಾಗುತ್ತದೆ ಎಂದು ನಮ್ಮ ಯಜಮಾನರನ್ನು ಕೇಳಿ. ಅವರು ಈಗ ಎದ್ದಿದ್ದಾರೆ.

ಅಲ್ಲಿಯವರೆಗೆ ಒಂದು ಕಾನೂನನ್ನು ನಾವೇ ಮಾಡೋಣ. ಇಲ್ಲೇ, ಈ ಸಭಾಂಗಣದಲ್ಲೇ. ಅಧ್ಯಕ್ಷರು ಅಪ್ಪಣೆ ಕೊಡಬೇಕು. ... ಕೊಟ್ಟರು. ಇದಕ್ಕೆ ಹೆಸರು ಬೇಡ, ಒಂದೇ ಕಲಮು. ಮಂತ್ರಿಗಳು ದಿನ ಪ್ರಕಟಿಸುವವರೆಗೆ ಈ ದಡದ ಯಾವ ದೋಣಿಯೂ ಬಲೆ ಹಿಡಿಯಲು ಹೋಗಬಾರದು. ಆ ಎರಡು ಡಬ್ಬಗಳನ್ನು ತಂದು ಈ ವೇದಿಕೆಯ ಕೆಳಗೆ, ಕೊಟ್ಟವರ ಕಾಲ ಬಳಿ ಇಡಬೇಕು. ಯಾವಾಗಿಂದ ಜಾರಿ? ಈಗಿನಿಂದ. ಬೇಗನೆ ಅಲ್ಲ, ಈಗ.

ಹೌದು ಎನ್ನುವವರು ಹೌದು ಎನ್ನಿ.

ಸೂರು ಹಾರಿಹೋಗುವ ಹಾಗೆ ಕೂಗಿದಿರಿ. ಅಲ್ಲ ಎನ್ನುವವರು? ... ಯಾರೂ ಇಲ್ಲ. ಸಂತೋಷ. ಆದರೆ ನನಗೆ ಬೇಕಾದ ಒಂದು ದನಿ ಈ ಗದ್ದಲದಲ್ಲಿ ಕೇಳಿಸಲಿಲ್ಲ. ವಿತುಂಬಿಕೊ, ಎಲ್ಲಿದ್ದೀಯೋ? ಬಾಗಿಲ ಹತ್ತಿರ ಕಾಣುತ್ತಿದ್ದೀಯ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಅಕ್ಕ ಸಾವಿರ ಜನರ ಮುಂದೆ ಕೇಳುತ್ತಿದ್ದಾಳೆ. ನೀನು ಬಾಯಿ ಬಿಟ್ಟು ಹೇಳು.

... ಹೌದು ಎಂದ. ಎಲ್ಲರೂ ಕೇಳಿಸಿಕೊಂಡಿರಲ್ಲ? ಬಹಳ ಜೋರಾಗಿಯೇ ಹೌದು ಎಂದ. ಎರಡು ಡಬ್ಬಗಳನ್ನೂ ಕೈಯಿಂದ ಕೈಗೆ ದಾಟಿಸಿ ಮುಂದಕ್ಕೆ ಕಳಿಸುತ್ತಿದ್ದಾರೆ. ದಾರಿ ಬಿಡಿ, ಮೈಮೇಲೆ ಚೆಲ್ಲಿಕೊಳ್ಳಬೇಡಿ. ದೇವರು ದೊಡ್ಡವನು. ಅಳಬೇಡ ತಿವೊಂಗೆ.

ಈ ಬಟ್ಟೆಯನ್ನು ನಾನು ಮಡಿಚಿ ಮುಖಂಡರ ಮನೆಯಲ್ಲಿ ಇಡುತ್ತೇನೆ. ಮಗು ಅತ್ತ ದಿನ ಹೊದಿಸಿ. ನನ್ನ ಉದ್ದನೆಯ ಮಾತನ್ನು ತಾಳಿಕೊಂಡ ಅಧ್ಯಕ್ಷರಿಗೆ, ಬೆವರು ಒರೆಸಿಕೊಳ್ಳುತ್ತಿರುವ ಉಪಮಂತ್ರಿಗಳಿಗೆ, ಆಡು ಕೊಟ್ಟ ಮ್ಸಿಸ್ಕಾ ಅವರಿಗೆ, ಒಲೆಯ ಮುಂದೆ ಬೇಯುತ್ತಿರುವ ತಾಯಂದಿರಿಗೆ, ಸಭಿಕರೆಲ್ಲರಿಗೆ ನನ್ನ ತುಂಬುಹೃದಯದ ವಂದನೆಗಳು. ಎಲ್ಲರೂ ಉಂಡು ಹೋಗಿ. ಆಡಿನ ತಪ್ಪೇನೂ ಇಲ್ಲ. ನಮಸ್ಕಾರ.

ಮೈಕು ತೆಗೆಯಬೇಡಪ್ಪ, ಇನ್ನೊಂದೇ ಮಾತು. ಸಂಸತ್ತಿನಲ್ಲಿ ನಾನು ಕಲಿತದ್ದು ಬಹಳ ಕಡಿಮೆ. ಹೌದು ಎನ್ನುವುದು ಬೇರೆ, ಆಗುವುದು ಬೇರೆ ಎಂಬುದನ್ನು ಮಾತ್ರ ಚೆನ್ನಾಗಿ ಕಲಿತೆ. ಡಬ್ಬ ಬಂದಿದೆ, ಸರಿ. ಆದರೆ ಆ ಎಂಜಿನಿನ ಹೊಟ್ಟೆಯಲ್ಲಿ ಮೊದಲೇ ಎಷ್ಟು ತುಂಬಿಸಿದ್ದಾರೋ ಯಾರಿಗೆ ಗೊತ್ತು? ಬಾಗಿಲ ಹತ್ತಿರ ನಿಂತಿರುವವರು ಯಾರಾದರೂ ಒಬ್ಬರು ಕಚೆರೆ ಮರದವರೆಗೆ ಹೋಗಿ, ಸಮಿತಿಯ ದೋಣಿಯ ಹಗ್ಗ ಗೂಟಕ್ಕೆ ಕಟ್ಟಿದೆಯೇ ಎಂದು ಇನ್ನೊಮ್ಮೆ ನೋಡಿ ಬನ್ನಿ. ಬರೀ ನೋಡಿದರೆ ಸಾಲದು, ಗಂಟನ್ನು ಎಳೆದು ನೋಡಿ. ನೀವು ಬಂದು ಹೇಳುವವರೆಗೆ ನಾನು ಇಲ್ಲಿಂದ ಇಳಿಯುವುದಿಲ್ಲ.